ನಮ್ಮ ಶಾಲೆಗಳೇ ಮುಚ್ತಿರುವಾಗ ಗಡಚಿರೋಲಿ ಚಿಂತೆ ಯಾಕೆ?

ಡೊಂಬಿವಲಿ ಶೆಟ್ರೇ, ನಮಸ್ಕಾರ. ಮಹಾರಾಷ್ಟ್ರದ ಗಡಚಿರೋಲಿ, ಪಕ್ಕದ ಛತ್ತೀಸ್‌ಗಢದ ಬಸ್ತಾರ್ ಮಕ್ಕಳ ಶಾಲೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಹಾಕಿದ ಲೇಖನಕ್ಕೆ ನೀವು ಬರೆದ ಪತ್ರ ಸಿಕ್ತು. ಮುಂಬಯಿ ಕನ್ನಡ ಶಾಲೆಗಳೇ ಒಂದೊಂದಾಗಿ ಬಾಗಿಲು ಹಾಕ್ತಿವೆ, ಕಾಡಿನ ಗೊಂಡ ಆದಿವಾಸಿಗಳ ಉಸಾಬರಿ ನಮಗ್ಯಾಕೆ, ನಕ್ಸಲರು ಹೋದ್ರೆ ಶಾಲೆ ತಾನಾಗೇ ನಡೆಯತ್ತೆ, ಅಷ್ಟಕ್ಕೂ ಅವರಿಗೆ ಓದಿನ ಮೇಲೆ ಆಸೆನೇ ಇಲ್ಲ ಅಂದಿದ್ದೀರಿ. ನನಗೆ ತಕರಾರಿರೋದು ಕೊನೆಯ ಎರಡು ಮಾತಿನ ಮೇಲೆ, ಅದನ್ನೇ ಮೊದಲು ಹೇಳ್ತೀನಿ.

ನಕ್ಸಲರು ಶಾಲೆ ಕಟ್ಟಡ ಸ್ಫೋಟಿಸಿದ್ದು ನಿಜ, ಅದಕ್ಕೆ ಯಾವ ಸಬೂಬೂ ಬೇಡ. ಆದ್ರೆ ಪೊಲೀಸರು, ಅರೆಸೇನಾ ಪಡೆಯವರು ಶಾಲೆಯಲ್ಲೇ ಬಿಡಾರ ಹೂಡಿದ್ದೂ ಅಷ್ಟೇ ನಿಜ, ಜಾಗ ಖಾಲಿ ಮಾಡಿ ಅಂತ 2011ರಲ್ಲಿ ಸುಪ್ರೀಂ ಕೋರ್ಟೇ ಹೇಳ್ಬೇಕಾಯ್ತು. 2005ರಲ್ಲಿ ನಕ್ಸಲರ ವಿರುದ್ಧ ಸರ್ಕಾರದ ಬೆಂಬಲದಿಂದ ಊರಿನವರನ್ನೇ ಎತ್ತಿಕಟ್ಟಿದ ಸಲ್ವಾ ಜುಡುಂ ಶುರುವಾದ್ಮೇಲೆ ಬಸ್ತಾರಿನ ದಾಂತೇವಾಡ ಕಡೆ ಊರಿಗೂರೇ ಖಾಲಿಯಾಯ್ತು, ಕೆಲವರು ರಸ್ತೆ ಬದಿಯ ಕ್ಯಾಂಪಿಗೆ ಬಂದ್ರು, ಕೆಲವರು ಗಡಿ ದಾಟಿ ಆಗಿನ ಆಂಧ್ರದ ಖಮ್ಮಂ ಕಾಡಿಗೆ ಓಡಿದ್ರು, ಮನೇಲಿ ಕೋಯ ಅನ್ನೋ ಆದಿವಾಸಿ ನುಡಿ ಮಾತಾಡೋ ಮಗು ಹಿಂದೆ ಕಲಿತಿದ್ದ ನಾಲ್ಕಕ್ಷರ ಹಿಂದಿ ಬಿಟ್ಟು ಈಗ ತೆಲುಗು ಕಲೀಬೇಕು. ಇತ್ತ ಸರ್ಕಾರ ಪೋರ್ಟಾ ಕ್ಯಾಬಿನ್ ಅಂತ ಬಿದಿರಿನ ತಾತ್ಕಾಲಿಕ ಕಟ್ಟಡದ ಹಾಸ್ಟೆಲ್ ಶಾಲೆ ಮಾಡ್ತು, ಒಂದೊಂದರಲ್ಲಿ 500 ಮಕ್ಕಳ ಲೆಕ್ಕ. ಊಟ ಸಿಕ್ತು, ಓದು ನಿಲ್ಲಲಿಲ್ಲ, ಒಳ್ಳೇದೇ. ಆದ್ರೆ ಆರು ವರ್ಷದ ಮಗು ಅಪ್ಪ ಅಮ್ಮನ್ನ ಬಿಟ್ಟು ಬಂದ್ರೆ ಮಾತ್ರ ಓದು ಅನ್ನೋ ಏರ್ಪಾಡನ್ನ ನಾನಂತೂ ಶಾಲೆ ಸಿಕ್ತು ಅಂತ ಕರೆಯಲ್ಲ.

ಇನ್ನು ಆಸೆ ಇಲ್ಲ ಅನ್ನೋದು. ನಮ್ಮದೇ ಮಹಾರಾಷ್ಟ್ರದ ಗಡಚಿರೋಲಿ, ಧಾನೋರಾ ತಾಲೂಕಿನ ಮೋಹಗಾಂವ್‌ನಲ್ಲಿ 2019ರಲ್ಲಿ ಗ್ರಾಮಸಭೆಯವರೇ ಸೇರಿ ಗೊಂಡಿ ಮಾಧ್ಯಮದ ಶಾಲೆ ತೆಗೆದ್ರು. ಶಿಕ್ಷಣ ಇಲಾಖೆ ಅದನ್ನ ಅನಧಿಕೃತ ಅಂತು! ಮಜಾ ನೋಡಿ, ಆದಷ್ಟೂ ತಾಯ್ನುಡಿಯಲ್ಲೇ ಕಲಿಸಿ ಅಂತ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳತ್ತೆ, ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾನ್ಯತೆ ಇಲ್ಲದ ಶಾಲೆ ನಡೆಸಿದ್ರೆ 1 ಲಕ್ಷದವರೆಗೆ ದಂಡ, ಆಮೇಲೂ ನಡೆಸಿದ್ರೆ ದಿನಕ್ಕೆ 10 ಸಾವಿರ. 2011ರ ಜನಗಣತಿಯಲ್ಲಿ 29 ಲಕ್ಷ ದಾಟಿದ ಜನ ಆಡೋ ಭಾಷೆ ಗೊಂಡಿ, ಕನ್ನಡದ್ದೇ ದ್ರಾವಿಡ ಬಳಗ, ನಿಮ್ಮ ತುಳುವಿನ ಹಾಗೇ ಸಂವಿಧಾನ ಭಾಷೆಗಳನ್ನ ಪಟ್ಟಿ ಮಾಡೋ ಎಂಟನೇ ಪರಿಚ್ಛೇದದ ಹೊರಗೇ ಕಾಯ್ತಾ ಇದೆ. (ತುಳು ವಿಷಯಕ್ಕೆ ನೀವು ಎಷ್ಟು ಸಲ ನಮಗೆ ಕಾಗದ ಬರೆದಿಲ್ಲ?)

ನಮಗ್ಯಾಕೆ ಅಂದ್ರಲ್ಲ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ತಂದೆಯವರು ಹಗಲೆಲ್ಲಾ ಹೋಟೆಲಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಮೆಟ್ರಿಕ್ ಮುಗಿಸಿದ್ರು ಅಂತೀರಿ. ಆ ಶಾಲೆ ಕೆಲಸ ಬಿಟ್ಟು ಬಾ, ಮೊದಲು ಮರಾಠಿ ಕಲಿತು ಬಾ ಅನ್ಲಿಲ್ಲ, ಹುಡುಗರಿಗೆ ಬಿಡುವಾಗೋ ಹೊತ್ತಿಗೇ ಬಾಗಿಲು ತೆಗೀತು. ಬೇರೆ ರಾಜ್ಯದಿಂದ ಬಂದ ನಮಗೋಸ್ಕರ ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆ ನಡೆಸ್ತು, ಮೋಹಗಾಂವ್‌ನವರು ತಮ್ಮ ಸ್ವಂತ ಊರಲ್ಲಿ ಕೇಳ್ತಿರೋದೂ ಅಷ್ಟನ್ನೇ.

ಪಾಲಿಕೆ ಕನ್ನಡ ಶಾಲೆಗಳ ಬಗ್ಗೆ ಬರೀರಿ ಅನ್ನೋ ನಿಮ್ಮ ಮಾತು ನೂರಕ್ಕೆ ನೂರು ಒಪ್ತೀನಿ, ಮುಂದಿನ ಸಂಚಿಕೆಗೆ ಅದೇ ವಿಷಯ ಇಟ್ಕೊಂಡಿದ್ದೀವಿ. ತಂದೆಯವರ ನೈಟ್ ಸ್ಕೂಲ್ ನೆನಪು ನೀವೇ ಬರೆದು ಕಳಿಸಿ, ಎರಡು ಪುಟ ಸಾಕು, ಆದ್ರೆ ದಯವಿಟ್ಟು ಟೈಪ್ ಮಾಡಿಸಿ, ನಿಮ್ಮ ಅಕ್ಷರ ನಮ್ಮ ಡಿಟಿಪಿಯವರಿಗೆ ಅರ್ಥವಾಗಲ್ಲ.