ಒಂದೇ ಕೆಲಸ, ಎರಡು ಕೂಲಿ

ಪ್ರಶ್ನೆ: ಕಲಬುರಗಿಯಲ್ಲಿ ಕಾಕಾ ಅವರ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಬೇಳೆ ತೂಗಿ, ಪ್ಯಾಕೆಟ್ ತುಂಬಿ, ಸೀಲ್ ಹಾಕುವ ಕಡೆ ನಾಲ್ವರು ಗಂಡಸರು, ಆರು ಹೆಂಗಸರು. ಹೆಂಗಸರಿಗೆ ದಿನಕ್ಕೆ 150 ರೂಪಾಯಿ ಕಡಿಮೆ. ಕೇಳಿದರೆ ಕ್ರಿಕೆಟ್ ನೋಡುತ್ತಲೇ ಕಾಕಾ, ‘ಗಂಡಾಳು ಮನಿ ನಡಸಬೇಕಲ್ಲೋ’ ಅಂತಾರೆ. ಹೆಂಗಸರು ‘ಸುಮ್ನಿರು ತಮ್ಮಾ, ಇದ್ದ ಕೆಲ್ಸಾನೂ ಹೋಗ್ತದ’ ಅಂತಾರೆ. ಅವರಲ್ಲಿ ಇಬ್ಬರಿಗೆ ಗಂಡನಿಲ್ಲ. ನನ್ನನ್ನು ಓದಿಸಿದ್ದು ಕಾಕಾನೇ. ಏನು ಮಾಡಲಿ?

ಉತ್ತರ: ತಮ್ಮಾ, ನಿಮ್ಮ ಕಾಕಾ ಕೆಟ್ಟವರು ಅಂತ ನನಗನಿಸಲಿಲ್ಲ. ಆದರೆ ಇದು ತಪ್ಪೇ. ಮದುವೆಯಾಗದ ಹುಡುಗ ಬಂದರೂ ಗಂಡಾಳಿನ ಪೂರ್ತಿ ಕೂಲಿ ಕೊಡ್ತಾರೆ, ಅಲ್ವಾ? ಒಬ್ಬಳೇ ಮಕ್ಕಳನ್ನು ಸಾಕುವವಳಿಗೆ ಕಡಿಮೆ. ಹಾಗಾದರೆ ಇದು ಮನೆ ನೋಡಿ ಕೊಡುವ ಕೂಲಿಯಲ್ಲ.

ಚೀಲ ಹೊತ್ತು ಲಾರಿ ತುಂಬುವ ಹಮಾಲರಿಗೆ ಜಾಸ್ತಿ ಕೊಟ್ಟರೆ ನಾನು ತಕರಾರು ತೆಗೆಯಲ್ಲ, ಅದು ಬೇರೆ ಕೆಲಸ. ತೂಕದ ಮಷೀನ್ ಮುಂದೆ ಅಕ್ಕಪಕ್ಕ ಕೂತವರ ನಡುವೆ ಆ ನೆಪ ನಡೆಯಲ್ಲ. ಒಂದೇ ಥರದ ಕೆಲಸಕ್ಕೆ ಸಮಾನ ಕೂಲಿ ಅಂತ 1976ರಲ್ಲೇ ಕಾಯ್ದೆ ಬಂತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಸಮ ಮಾಡಲು ಗಂಡಸರ ಕೂಲಿ ಇಳಿಸುವಂತೆಯೂ ಇಲ್ಲ. ಇದನ್ನು ಆ ನಾಲ್ವರಿಗೆ ಮೊದಲೇ ತಿಳಿಸಿ. ಇಲ್ಲಾಂದ್ರೆ ಅಡ್ಡ ನಿಲ್ಲೋರು ಅವರೇ.

ಕಾಕಾಗೆ ಕ್ರಿಕೆಟ್ ಅಂದ್ರೆ ಇಷ್ಟ ಅಂದ ಮೇಲೆ ಅಲ್ಲಿಂದಲೇ ಶುರು ಮಾಡಿ. 2022ರಲ್ಲಿ ಬಿಸಿಸಿಐ ಹೆಣ್ಣುಮಕ್ಕಳಿಗೂ ಪಂದ್ಯದ ಹಣ ಸಮ ಮಾಡಿತು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ. (ವರ್ಷದ ಗುತ್ತಿಗೆ ಹಣದಲ್ಲಿ ಮಾತ್ರ ಅಂತರ ಹಾಗೇ ಉಳೀತು. ಅದನ್ನು ಕಾಕಾ ಮುಂದೆ ಎತ್ತಬೇಡಿ!) ಆಮೇಲೆ ಲೆಕ್ಕ ಮುಂದಿಡಿ: ಆರು ಜನಕ್ಕೆ ದಿನಕ್ಕೆ 900 ರೂಪಾಯಿ. ಮಿಲ್ ಮುಳುಗಿ ಹೋಗುವಂಥ ಮೊತ್ತವೇ ಅದು? ನೀವೇ ಲೆಕ್ಕ ಬರೆಯೋರು, ನಿಮಗೆ ಗೊತ್ತಿರುತ್ತದೆ.

ಹೆಂಗಸರ ಭಯ ಸುಳ್ಳಲ್ಲ. ಕೆಲಸ ಹೋದರೆ ಒಲೆ ಆರುವುದು ಅವರ ಮನೆಯಲ್ಲಿ, ನಿಮ್ಮ ಮನೆಯಲ್ಲಲ್ಲ. ಹಾಗಾಗಿ ಅವರ ಹೆಸರು ಎತ್ತಬೇಡಿ, ‘ಇದು ನನ್ನ ಮಾತು ಕಾಕಾ’ ಅನ್ನಿ. ಕಾರ್ಮಿಕ ಇಲಾಖೆಗೆ ದೂರು ಕೊಡಬೇಕೋ ಬೇಡವೋ ಅನ್ನೋದನ್ನ ಅವರೇ ತೀರ್ಮಾನಿಸಲಿ. ಕೊಡ್ತೀವಿ ಅಂದರೆ ಅರ್ಜಿ ಬರೆದುಕೊಡಿ. ಓದಿಸಿದ ಋಣ ನಿಮ್ಮದು, ಅದನ್ನು ಆರು ಜನರ ಕೂಲಿಯಲ್ಲಿ ತೀರಿಸೋದು ಬೇಡ.

ಮಾತಿಗೆ ಪಗಾರದ ದಿನ ಬೇಡ, ಆಳುಗಳ ಎದುರೂ ಬೇಡ. ಹೊಸ ತೊಗರಿ ಮಾರುಕಟ್ಟೆಗೆ ಬರೋ ಹೊತ್ತಿಗೆ ಮಾತಾಡಿ. ಆಗ ಕೈ ಪಳಗಿದ ಆಳುಗಳನ್ನು ಬಿಡಲು ಕಾಕಾಗೂ ಮನಸ್ಸು ಬರಲ್ಲ.