ಲೋಡ್ ಇದ್ದಾಗ ಪಿಕಪ್ ಸ್ಟೇರಿಂಗ್ ಗಟ್ಟಿಯಾಗಿ 'ಗುಂಯ್' ಅನ್ನುತ್ತೆ, ಆಯಿಲ್ ಹಾಕಿದರೆ ಸಾಕಾ?

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಲೋಡ್ ಜತೆ ರಿವರ್ಸ್ ತಗೊಳ್ಳುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸದ್ದು ಬರುತ್ತೆ ಅಂದಿದ್ದೀರಿ. ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವ) ಸ್ಟೇರಿಂಗ್ ಆದರೆ ಮೊದಲು ಆಯಿಲ್ ಮಟ್ಟ ನೋಡಿ. ಎಲೆಕ್ಟ್ರಿಕ್ ಸ್ಟೇರಿಂಗ್ ಇರುವ ಬಹುತೇಕ ಕಾರುಗಳಲ್ಲಿ ಆಯಿಲೇ ಇರಲ್ಲ, ಹುಡುಕಬೇಡಿ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರ ನೇರ ಮಾಡಿ, ಇಂಜಿನ್ ಆಫ್ ಮಾಡಿ. ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳು ಒರೆಸಿಯೇ ತೆಗೆಯಿರಿ. ಒಳಗೆ ಮರಳು ಬಿದ್ದರೆ ಪಂಪ್ ಸವೆಯುತ್ತೆ. ಮಟ್ಟ ಮಿನ್ (ಕನಿಷ್ಠ) ಗುರುತಿಗಿಂತ ಕೆಳಗಿದ್ದರೆ 50 ಎಂಎಲ್‌ನಂತೆ ಹಾಕಿ ನೋಡುತ್ತಾ ಹೋಗಿ, ಮ್ಯಾಕ್ಸ್ (ಗರಿಷ್ಠ) ಗುರುತು ದಾಟಬೇಡಿ. ಮುಚ್ಚಳದ ಮೇಲೋ ಮ್ಯಾನುಯಲ್‌ನಲ್ಲೋ ಬರೆದಿರುವ ಗ್ರೇಡನ್ನೇ ಕೊಳ್ಳಿ, ಎಷ್ಟೋ ಗಾಡಿಗಳಿಗೆ ಅದು ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್). ಬ್ರೇಕ್ ಆಯಿಲ್ ಮಾತ್ರ ಬೇಡವೇ ಬೇಡ, ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ.

ಆಮೇಲೆ ಸ್ಟಾರ್ಟ್ ಮಾಡಿ ಎರಡೂ ಕಡೆಗೆ ನಿಧಾನವಾಗಿ ಐದಾರು ಸಲ ತಿರುಗಿಸಿ. ಪೂರ್ತಿ ತಿರುಗಿದ ತುದಿಯಲ್ಲಿ ಹಿಡಿದಿಡಬೇಡಿ, ಪಂಪ್ ಬಿಸಿಯಾಗುತ್ತೆ. ಡಬ್ಬಿಯಲ್ಲಿ ನೊರೆ ಕಂಡರೆ ಗಾಳಿ ಸೇರಿದೆ ಅಂತ; ಆಫ್ ಮಾಡಿ, ನೊರೆ ಇಳಿದ ಮೇಲೆ ಮತ್ತೆ ತಿರುಗಿಸಿ, ಮಟ್ಟ ನೋಡಿ.

ಈ ಆಯಿಲ್ ಉರಿದು ಖರ್ಚಾಗುವಂಥದ್ದಲ್ಲ. ಮತ್ತೆ ಇಳಿದರೆ ಸೋರಿಕೆ ಇದೆ: ಹೋಸ್ ಕ್ಲಾಂಪ್, ಪಂಪ್ ಶಾಫ್ಟ್, ಸ್ಟೇರಿಂಗ್ ಬಾಕ್ಸ್ ಸೀಲ್ ಒರೆಸಿ ನೋಡಿ. ಮಟ್ಟ ಸರಿಯಿದ್ದೂ 'ಕಿರ್ರ್' ಅಂದರೆ ಪಂಪ್ ತಿರುಗಿಸುವ ಬೆಲ್ಟ್ ಸಡಿಲವಾಗಿರಬಹುದು.