ಕಂಪನಿಗೆ ಹೋದರೆ ಗಣಿತ ಮುಗೀತಾ? ಒಂದು ಆಪ್ತಸಲಹೆ ಪ್ರಕರಣ

ಇವರನ್ನು ಸುಮಾ ಅನ್ನೋಣ. ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 31. ಬೆಂಗಳೂರಿನಲ್ಲಿ ಗಣಿತದಲ್ಲಿ ಪಿಎಚ್‌ಡಿ ಮುಗಿಸಿದ್ದಾರೆ. ವಿಷಯ ಆಪ್ಟಿಮೈಸೇಶನ್, ಅಂದರೆ ಇರುವ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಲೆಕ್ಕ ಹಾಕಿ ಹುಡುಕುವುದು, ಅದರಲ್ಲೂ ಇಂಟಿಜರ್ ಪ್ರೋಗ್ರಾಮಿಂಗ್. ಎಷ್ಟು ಗಾಡಿ ಯಾವ ದಾರಿಯಲ್ಲಿ ಹೋಗಬೇಕು, ಯಾವ ನರ್ಸ್‌ಗೆ ಯಾವ ಪಾಳಿ, ಇಂಥ ಲೆಕ್ಕ. ಅರ್ಧ ಗಾಡಿ ಕಳಿಸೋಕಾಗಲ್ಲ ಅಲ್ವಾ, ಉತ್ತರ ಪೂರ್ಣಾಂಕವೇ ಬರಬೇಕು, ಆ ಒಂದು ಷರತ್ತಿನಿಂದಲೇ ಲೆಕ್ಕ ವಿಪರೀತ ಕಷ್ಟವಾಗುತ್ತದೆ.

ಕೈಯಲ್ಲಿ ಎರಡು ಅವಕಾಶ ಇತ್ತು. ಜರ್ಮನಿಯಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಒಂದು, ಬೆಂಗಳೂರಿನಲ್ಲೇ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಕೆಲಸ ಇನ್ನೊಂದು. ಉತ್ತರ ಕೊಡುವ ಗಡುವು ಹತ್ತಿರ ಬಂದಂತೆ ನಿದ್ದೆ ಕೆಟ್ಟಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ಬರೀ ಹೊರಳಾಟ. ಸಾಯುವ ಯೋಚನೆ ಏನಾದರೂ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಫೋನಿನಲ್ಲಿ ಹಾಕಿಸಿದೆ. ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ನೋಡಲೇಬೇಕು ಎಂದೂ ಹೇಳಿದೆ.

ಅವರ ಗೈಡ್ ಒಂದು ಮಾತು ಹೇಳಿದ್ದರಂತೆ: "ಕಂಪನಿಗೆ ಹೋದರೆ ಗಣಿತ ಅಲ್ಲಿಗೆ ಮುಗೀತು." ಐದಾರು ವರ್ಷ ಯಾರ ಮಾತು ಕೊನೆಯ ಮಾತಾಗಿರುತ್ತದೋ ಅವರು ಸುಮ್ನೆ ಹೇಳಿದ ಒಂದು ವಾಕ್ಯವೂ ವಿದ್ಯಾರ್ಥಿಯ ತಲೆಯಲ್ಲಿ ತೀರ್ಪಿನ ಹಾಗೆ ಕೂತುಬಿಡುತ್ತದೆ. ಸಂಶೋಧನಾ ವಿದ್ಯಾರ್ಥಿಗಳಲ್ಲಿ ಇದನ್ನು ನಾನು ಜಾಸ್ತಿಯೇ ನೋಡುತ್ತೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಇನ್ನೊಂದು ಕಡೆ ಎಂಜಿನಿಯರ್ ಗೆಳೆಯರು, "ಸಾಲ್ವರ್ ಇದೆಯಲ್ಲ, ರನ್ ಮಾಡಿದರೆ ಉತ್ತರ ಬರುತ್ತೆ, ನಿಮ್ಮಂಥವರು ಯಾಕೆ ಬೇಕು" ಅಂತಿದ್ದರು. ಸಾಲ್ವರ್ ಅಂದರೆ ಇಂಥ ಲೆಕ್ಕ ಬಿಡಿಸುವ ಸಾಫ್ಟ್‌ವೇರ್. ಎರಡೂ ಕಡೆಯವರಿಗೆ ತಾನು ಬೇಡವಾದವಳು ಎನ್ನುವ ನೋವು ಮಾತಿನಲ್ಲಿ ಎದ್ದು ಕಾಣುತ್ತಿತ್ತು.

ಸುಮಾ ಒಂದು ಹಾಳೆ ತಂದಿದ್ದರು. ಪೆನ್ಸಿಲ್‌ನಲ್ಲಿ ನಾಲ್ಕು ಸಾಲು. ಸಂಶೋಧನೆ 0.35, ಸಂಬಳ 0.3, ಮನೆ 0.2, ಊರಿಗೆ ಹತ್ತಿರ 0.15. ಎರಡೂ ಕೆಲಸಕ್ಕೆ ಅಂಕ ಕೊಟ್ಟು ಗುಣಿಸಿ ಕೂಡಿದ್ದರು. 'ಮನೆ' ಎನ್ನುವ ಸಾಲಿನಲ್ಲಿ ಎಷ್ಟು ಸಲ ಅಳಿಸಿ ಬರೆದಿದ್ದರು ಎಂದರೆ ಕಾಗದ ತೆಳ್ಳಗಾಗಿ ಆಚೆ ಕಾಣುತ್ತಿತ್ತು. 0.2 ಇದ್ದಿದ್ದನ್ನು 0.25 ಮಾಡಿದರೆ ಉತ್ತರವೇ ಬದಲಾಗುತ್ತಿತ್ತು.

"ಮನೆ ಅಂದರೆ ಏನು ಸುಮಾ?"

"ಅಪ್ಪ ಮನೆ ಕಟ್ಟಿಸಿದ ಸಾಲ ಮೇಡಂ. ತಿಂಗಳಿಗೆ 18,000 ಕಂತು. ಅದು ನನ್ನ ಮೇಲಿದೆ."

"ಒಂದು ತಿಂಗಳು ಕಟ್ಟದಿದ್ದರೆ ನಡೆಯುತ್ತಾ?"

"ಇಲ್ಲ."

"ಜರ್ಮನಿಯ ಸಂಬಳದಲ್ಲಿ ಕಟ್ಟೋಕಾಗುತ್ತಾ?"

"ಆಗುತ್ತೆ." ಸ್ವಲ್ಪ ಹೊತ್ತು ಹಾಳೆ ನೋಡಿದರು. "ಹಾಗಾದರೆ ಇದು ಆಬ್ಜೆಕ್ಟಿವ್ ಅಲ್ಲ, ಕನ್‌ಸ್ಟ್ರೇಂಟ್" ಎಂದು ಆ ಸಾಲನ್ನು ಅವರೇ ಹೊಡೆದು ಹಾಕಿದರು.

ಈ ವಿಂಗಡಣೆ ನಾನು ಎಲ್ಲರಿಗೂ ಹೇಳುವಂಥದ್ದೇ. ಪೂರೈಸಲೇಬೇಕಾದ ಷರತ್ತು (ಕನ್‌ಸ್ಟ್ರೇಂಟ್) ಬೇರೆ, ಜಾಸ್ತಿ ಸಿಕ್ಕಿದಷ್ಟೂ ಒಳ್ಳೆಯದು ಎನ್ನುವಂಥದ್ದು (ಆಬ್ಜೆಕ್ಟಿವ್) ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮನೆಯ ಜವಾಬ್ದಾರಿಗೆ ಎಷ್ಟು ತೂಕ ಕೊಟ್ಟರೂ ಕಡಿಮೆ ಅನಿಸುತ್ತದೆ, ತಪ್ಪಿತಸ್ಥ ಭಾವ ಬೆಳೆಯುತ್ತಲೇ ಹೋಗುತ್ತದೆ. ಎರಡೂ ದಾರಿಯಲ್ಲಿ ಷರತ್ತು ಪೂರೈಸುತ್ತದೆ ಎಂದ ಮೇಲೆ ಆ ಚಿಂತೆಯನ್ನು ಬದಿಗಿಡಬಹುದು.

'ಊರಿಗೆ ಹತ್ತಿರ' ಎನ್ನುವುದನ್ನು ಅಮ್ಮನನ್ನೇ ಕೇಳಿ ಎಂದೆ. ಸುಮಾ ಅದುವರೆಗೂ ಕೇಳಿಯೇ ಇರಲಿಲ್ಲ, ತಾವೇ ಅಂದುಕೊಂಡಿದ್ದರು. ಅಮ್ಮ ಫೋನಿನಲ್ಲಿ, "ಬೆಂಗಳೂರಲ್ಲಿದ್ದೂ ನೀನು ಬರೋದು ಯುಗಾದಿಗೆ, ದಸರಾಕ್ಕೆ. ಎಲ್ಲಿದ್ದರೂ ಅಷ್ಟೇ ಕಣೇ, ಊಟ ನಿದ್ದೆ ಸರಿಯಾಗಿ ಮಾಡು" ಅಂದರಂತೆ.

ಇನ್ನೊಂದು ಕೆಲಸವನ್ನೂ ಕೊಟ್ಟೆ. ನಿಮ್ಮ ಥೀಸಿಸ್ ಯಾರ ಕೆಲಸದ ಮೇಲೆ ನಿಂತಿದೆಯೋ ಅವರು ಎಲ್ಲಿ ದುಡಿದರು, ಬರೆದುಕೊಂಡು ಬನ್ನಿ. ಅವರು ತಂದ ಪಟ್ಟಿ ಹೀಗಿತ್ತು, ಇದರಲ್ಲಿ ಬರುವ ವಿಧಾನಗಳೆಲ್ಲ ಆಪ್ಟಿಮೈಸೇಶನ್ ಲೆಕ್ಕ ಬಿಡಿಸುವ ದಾರಿಗಳು. ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕಂಡುಹಿಡಿದಾಗ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದರು, ಆಮೇಲೆ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ, ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದದ್ದು 1960ರಲ್ಲಿ. ಕಟಿಂಗ್ ಪ್ಲೇನ್ ವಿಧಾನ ಕೊಟ್ಟ ರಾಲ್ಫ್ ಗೊಮೊರಿ 1959ರಲ್ಲಿ ಐಬಿಎಂ ಸೇರಿದರು. ಬ್ರಾಂಚ್ ಅಂಡ್ ಬೌಂಡ್ ವಿಧಾನವನ್ನು 1960ರಲ್ಲಿ ಪ್ರಕಟಿಸಿದವರು ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡೋಯ್ಗ್, ಇಬ್ಬರು ಹೆಂಗಸರು. ಅವರು ಇದ್ದದ್ದು ವಿಶ್ವವಿದ್ಯಾಲಯದಲ್ಲೇ, ಆದರೆ ಹಣ ಬಂದದ್ದು ಬ್ರಿಟಿಷ್ ಪೆಟ್ರೋಲಿಯಂ ಕಂಪನಿಯಿಂದ. ನಮ್ಮ ನರೇಂದ್ರ ಕರ್ಮಾರ್ಕರ್ 1984ರಲ್ಲಿ ತಮ್ಮ ಅಲ್ಗಾರಿದಮ್ ಪ್ರಕಟಿಸಿದಾಗ ಟೆಲಿಫೋನ್ ಕಂಪನಿಯೊಂದರ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಪಟ್ಟಿ ಓದಿ ಮುಗಿಸಿ ಸುಮಾ, "ಇದೆಲ್ಲ ನನಗೆ ಗೊತ್ತಿತ್ತು ಮೇಡಂ, ಒಟ್ಟಿಗೆ ಇಟ್ಟು ನೋಡಿರಲಿಲ್ಲ" ಎಂದರು.

ಇದರರ್ಥ ಎಲ್ಲ ಕಂಪನಿಯಲ್ಲೂ ಗಣಿತ ಇರುತ್ತದೆ ಅಂತಲ್ಲ. ಎಷ್ಟೋ ಕಡೆ ಅದು ಇರುವುದಿಲ್ಲ. ಅದಕ್ಕೇ ಹೋಗಿ ನೋಡಿ ಬನ್ನಿ, ಆ ತಂಡದವರ ಜೊತೆ ಒಂದು ದಿನ ಕೂತು ಬನ್ನಿ ಎಂದೆ. ಹೋದರು. ಗಾಡಿಗಳ ದಾರಿ ಲೆಕ್ಕ ಹಾಕುವ ಅಲ್ಲಿನ ಮಾಡೆಲ್ ಕಾಗದದ ಮೇಲೆ ಚೆನ್ನಾಗಿಯೇ ಇತ್ತು, ಆದರೆ ಡ್ರೈವರುಗಳು ಯಾರೂ ಅದು ಹೇಳಿದಂತೆ ಹೋಗುತ್ತಿರಲಿಲ್ಲ. ಯಾಕೆಂದರೆ ಅದರಲ್ಲಿ ಮಧ್ಯಾಹ್ನದ ಊಟಕ್ಕೆ ಹೊತ್ತೇ ಇರಲಿಲ್ಲ. ಊಟದ ಹೊತ್ತು ಸೇರಿಸಿದರೆ ಲೆಕ್ಕ ಎಷ್ಟು ದೊಡ್ಡದಾಗುತ್ತದೆ, ಅದನ್ನು ಹೇಗೆ ಒಡೆಯಬಹುದು, ಎಲ್ಲಿ ಗಾಡಿ ನಿಲ್ಲಿಸಲು ಜಾಗ ಇದೆ ಎನ್ನುವುದೂ ಬೇಕಾಗುತ್ತದೆ ಎಂದೆಲ್ಲ ಅರ್ಧ ಗಂಟೆ ಬಿಡದೆ ಹೇಳಿದರು. ಅಷ್ಟು ದಿನದಲ್ಲಿ ಪೋಸ್ಟ್‌ಡಾಕ್ ಬಗ್ಗೆ ಒಮ್ಮೆಯೂ ಹೀಗೆ ಮಾತಾಡಿರಲಿಲ್ಲ. ನಾನು ಅದನ್ನು ಹೇಳಿದೆ ಅಷ್ಟೇ, ಆರಿಸಿದ್ದು ಅವರು.

ಕೊನೆಗೆ ಕೊಟ್ಟ ಸಲಹೆ ವ್ಯಾವಹಾರಿಕವಾದದ್ದು. ಪೇಪರ್ ಪ್ರಕಟಿಸಲು ಅನುಮತಿ ಇದೆಯಾ, ಕಂಡುಹಿಡಿದದ್ದು ಯಾರ ಸೊತ್ತು, ಇವನ್ನು ಸೇರುವ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ. ಥೀಸಿಸ್‌ನಲ್ಲಿ ಉಳಿದ ಅಧ್ಯಾಯವನ್ನು ಸೇರುವ ಮುಂಚೆ ಜರ್ನಲ್‌ಗೆ ಕಳಿಸಿ, ಆಮೇಲೆ ಅಂದರೆ ಆಗುವುದಿಲ್ಲ. ಗುರೋಬಿಯಂಥ ಸಾಲ್ವರಿನ ಉಚಿತ ಲೈಸೆನ್ಸ್ ಇರುವುದು ಕಾಲೇಜಿನವರಿಗೆ, ಸ್ವಂತ ಸಂಶೋಧನೆಗೆ ಎಲ್ಲರಿಗೂ ಉಚಿತವಾದ ಹೈಗ್ಸ್ ಅಥವಾ ಸ್ಕಿಪ್ ಸಾಲ್ವರ್ ಬಳಸಿ. ಜರ್ಮನಿಯ ಪ್ರೊಫೆಸರ್‌ಗೆ ಕಾರಣ ಹೇಳಿ ಮರ್ಯಾದೆಯಿಂದ ಪತ್ರ ಬರೆಯಿರಿ.

ಸುಮಾ ಕಂಪನಿ ಸೇರಿದ್ದಾರೆ. ಗೈಡ್‌ಗೆ ಪೂರ್ತಿ ಸಮಾಧಾನ ಇಲ್ಲ, ಆದರೂ ಶನಿವಾರ ಬೆಳಿಗ್ಗೆ ಇಬ್ಬರೂ ಕೂತು ಬಾಕಿ ಪೇಪರ್ ತಿದ್ದುತ್ತಿದ್ದಾರೆ. ಮೂರು ಗಂಟೆಯ ಎಚ್ಚರ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮುಂದಿನ ಭೇಟಿ ಗೊತ್ತು ಮಾಡಿಲ್ಲ, ಬೇಕೆನಿಸಿದಾಗ ಫೋನ್ ಮಾಡಿ ಎಂದಿದ್ದೇನೆ.